ಮೂಗಿಗೆ ಸಿಗದ ಸೋರಿಕೆ

ಗೋಲಿ ಸೋಡಾ ಬಾಟಲಿಗೆ ಮುಚ್ಚಳವಿಲ್ಲ. ಬಿರಡೆಯಿಲ್ಲ, ತಿರುಪಿಲ್ಲ, ತಗಡಿನ ಬಿಲ್ಲೆಯೂ ಇಲ್ಲ. ಕುತ್ತಿಗೆಯಲ್ಲಿ ಒಂದು ಗಾಜಿನ ಗೋಲಿ, ಬಾಯಿಯ ಒಳಗಡೆ ಕಚ್ಚಿಕೊಂಡು ಕೂತ ಒಂದು ರಬ್ಬರ್ ಉಂಗುರ, ಅಷ್ಟೇ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ದೂಡಿ ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಓಡಿಹೋಗಲು ಹವಣಿಸುವವನನ್ನೇ ಬಾಗಿಲು ಕಾಯಲು ನಿಲ್ಲಿಸಿದ ಈ ಉಪಾಯ ಲಂಡನ್ನಿನ ಹೈರಮ್ ಕಾಡ್ ಎಂಬ ಎಂಜಿನಿಯರನದು. 1870ರ ದಶಕದ ಆರಂಭದಲ್ಲಿ ಆತ ಇದಕ್ಕೆ ಪೇಟೆಂಟ್ ಪಡೆದ. ಅವನ ಊರಿನಲ್ಲಿ ಈ ಬಾಟಲಿ ಈಗ ಹಳೆಯ ವಸ್ತು ಕೂಡಿಡುವವರ ಕಪಾಟು ಸೇರಿದೆ. ಜಪಾನಿನಲ್ಲಿ ರಾಮುನೆ ಎಂಬ ಪಾನೀಯದ ರೂಪದಲ್ಲಿ ಬದುಕಿದೆ. ನಮ್ಮಲ್ಲಿ ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಯಲ್ಲಿ, ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ, ಇನ್ನೂ ಟಪ್ ಎಂದು ಸದ್ದು ಮಾಡುತ್ತಿದೆ.

ಸೋಡಾ ತುಂಬುವ ಹಳೆಯ ಕೈಯಂತ್ರವನ್ನು ಕಂಡವರಿಗೆ ಆ ಕೆಲಸದ ವರಸೆ ಗೊತ್ತು. ಕಬ್ಬಿಣದ ಚೌಕಟ್ಟಿನಲ್ಲಿ ಬಾಟಲಿ ಕೂರಿಸುವುದು, ಪಕ್ಕದ ಸಿಲಿಂಡರಿನಿಂದ ಗ್ಯಾಸ್ ಬಿಡುವುದು, ಹಿಡಿಕೆ ಹಿಡಿದು ಗರಗರ ತಿರುಗಿಸುವುದು. ಬಾಟಲಿ ಮಗುಚುತ್ತಿದ್ದಂತೆ ನೀರು ಕುಲುಕಾಡಿ ಗ್ಯಾಸನ್ನು ಹೀರಿಕೊಳ್ಳುತ್ತದೆ, ಗೋಲಿ ಉರುಳಿ ಬಂದು ಬಾಯಿಗೆ ಕೂರುತ್ತದೆ. ಬಾಟಲಿ ಸಿಡಿದರೆ ಚೂರು ಮುಖಕ್ಕೆ ಹಾರದಿರಲೆಂದು ಸುತ್ತ ಒಂದು ಕವಚ. ಹೊರತೆಗೆದ ಮೇಲೆ ಪಳಗಿದ ಕೈಯವರು ಬಾಟಲಿಯನ್ನು ಬೋರಲು ಹಿಡಿದು ನೋಡುತ್ತಾರೆ. ಬಾಯಲ್ಲಿ ಹನಿ ಜಿನುಗಿತೋ, ರಬ್ಬರು ಹೋಗಿದೆ ಎಂದರ್ಥ. ಗಾಜು ಎಷ್ಟು ದಪ್ಪವಿದ್ದರೂ, ಗೋಲಿ ಎಷ್ಟು ದುಂಡಗಿದ್ದರೂ, ಆ ಉಂಗುರ ಒಣಗಿ ಗಡುಸಾದ ದಿನ ಸೋಡಾ ಸಪ್ಪೆ.

ಒತ್ತಡದ ಗ್ಯಾಸಿನ ಜೊತೆ ಕೆಲಸ ಮಾಡುವವರು ತಿಳಿಯಬೇಕಾದ ಮಾತು ಬಹುಪಾಲು ಇದೇ. ಉಕ್ಕಿನ ಸಿಲಿಂಡರ್ ತಾನಾಗಿ ಸೋರುವುದು ಅಪರೂಪ. ಸೋರುವುದು ಕೀಲಿನಲ್ಲಿ: ಎರಡು ಲೋಹ ಸೇರುವ ಕಡೆ, ಪೈಪು ನಳಿಗೆಗೆ ಸಿಕ್ಕಿಸಿದ ಕಡೆ, ಮುಚ್ಚಳ ಕೂರುವ ಕಡೆ. ಅಲ್ಲೆಲ್ಲ ಕಾವಲಿಗಿರುವುದು ಚಿಲ್ಲರೆ ಕಾಸಿನ ಒಂದು ವಾಷರ್.

ಇಷ್ಟು ದಿನ ಇದು ಸೋಡಾ ಅಂಗಡಿಯವರ ತಲೆನೋವಾಗಿತ್ತು. ಈಗ ಮನೆಗಳಿಗೂ ಬಂದಿದೆ. ಮನೆಯಲ್ಲೇ ಸೋಡಾ ಮಾಡಿಕೊಳ್ಳುವವರಿದ್ದಾರೆ, ಚಹಾದಿಂದ ಕೊಂಬುಚಾ ಹುದುಗಿಸುವವರಿದ್ದಾರೆ, ಮೀನಿನ ತೊಟ್ಟಿಯ ಗಿಡಗಳಿಗೆ ಗುಳ್ಳೆ ಗುಳ್ಳೆಯಾಗಿ ಗ್ಯಾಸ್ ಬಿಡುವವರಿದ್ದಾರೆ. ಮತ್ತೆ, ಹೇಳಲು ಹಿಂಜರಿದರೂ, ಬಿಯರ್ ತಯಾರಿಸಿ ಸ್ಟೀಲಿನ ಕೆಗ್‌ನಲ್ಲಿ ತುಂಬಿ, ಹಳೆಯ ಫ್ರಿಜ್ಜಿನ ಬಾಗಿಲಿಗೆ ನಲ್ಲಿ ಸಿಕ್ಕಿಸುವ ಹವ್ಯಾಸಿಗಳೂ ಇದ್ದಾರೆ. ಈ ಕಡೆಯವರಿಗೆ ಒಂದು ಮಾತು ಮೊದಲೇ ಹೇಳಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರ್ ಕೂಡ ಮದ್ಯವೇ. ‘ಮಾರಾಟಕ್ಕಲ್ಲ ಸ್ವಾಮಿ, ಮನೆಗೆ ಅಷ್ಟೇ’ ಎಂಬ ಮಾತು ಪರವಾನಗಿಯ ಜಾಗ ತುಂಬುವುದಿಲ್ಲ. ಅಮೆರಿಕದಲ್ಲಿ 1978ರಲ್ಲೇ ಮನೆ ಬಳಕೆಯ ಬಿಯರ್ ತಯಾರಿಕೆಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಅಲ್ಲಿ ನೆಲೆಸಿದ ನಮ್ಮವರ ಗ್ಯಾರೇಜಿನಲ್ಲಿ ಕೆಗ್ ಕಂಡು ಬಂದು ಇಲ್ಲಿ ಅದನ್ನೇ ಮಾಡಹೊರಟರೆ ಮೊದಲ ಸೋರಿಕೆ ಕಾನೂನಿನದು. ಆದರೆ ಕೆಗ್ಗಿನಲ್ಲಿ ಬಿಯರೇ ಇರಬೇಕೆಂದಿಲ್ಲ, ನಿಂಬೆ ಸೋಡಾ ಇದ್ದರೂ ಸಿಲಿಂಡರು ಅದೇ, ವಾಷರು ಅದೇ, ಅಪಾಯವೂ ಅದೇ.

ನಿಜ ಹೇಳಬೇಕೆಂದರೆ ಬಿಯರಿಗೂ ಸೋಡಾಕ್ಕೂ ನಂಟು ಹಳೆಯದು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ ಒಂದು ಬಿಯರ್ ಭಟ್ಟಿಯ ಪಕ್ಕದಲ್ಲಿ ಮನೆ ಹಿಡಿದ. ಹುದುಗುವ ತೊಟ್ಟಿಗಳ ಮೇಲೆ ಕಣ್ಣಿಗೆ ಕಾಣದೆ ತೇಲುವ ಗ್ಯಾಸಿನಲ್ಲಿ ನೀರನ್ನು ಆಡಿಸಿ ನೋಡಿದ, ಅದು ಚುರುಗುಟ್ಟುವ ನೀರಾಯಿತು. 1772ರಲ್ಲಿ ಆ ವಿಧಾನವನ್ನು ಬರೆದು ಪ್ರಕಟಿಸಿದ. ಹಾಗೆ ನೋಡಿದರೆ ಸೋಡಾ ಹುಟ್ಟಿದ್ದೇ ಬಿಯರ್ ತೊಟ್ಟಿಯ ಮೇಲೆ. ಇಂದಿನ ಹವ್ಯಾಸಿಗಳ ಅಚ್ಚುಮೆಚ್ಚಿನ ಕಾರ್ನೀಲಿಯಸ್ ಕೆಗ್ ಆ ಸಾಲವನ್ನು ತೀರಿಸಿದೆ ಎನ್ನಬಹುದು: ಸುಮಾರು 19 ಲೀಟರ್ ಹಿಡಿಸುವ ಆ ಉದ್ದನೆಯ ಸ್ಟೀಲ್ ಪಾತ್ರೆ ತಯಾರಾದದ್ದು ತಂಪು ಪಾನೀಯದ ಕಂಪನಿಗಳಿಗಾಗಿ, ಸಿರಪ್ ತುಂಬಿಡಲು. ಆ ಕಂಪನಿಗಳು ಅದನ್ನು ಬಿಟ್ಟ ಮೇಲೆ ಬಿಯರಿನವರು ಎತ್ತಿಕೊಂಡರು. ಬೆಂಗಳೂರಿಗೂ ಬಿಯರು ಹೊಸದಲ್ಲ. ದಂಡು ಪ್ರದೇಶದ ಸೋಲ್ಜರುಗಳ ಬಾಯಾರಿಕೆಯಿಂದ ಬೆಳೆದ ಉದ್ಯಮ ಅದು. ಥಾಮಸ್ ಲೀಷ್‌ಮನ್ ದಕ್ಷಿಣ ಭಾರತದ ಹಲವು ಭಟ್ಟಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಹಳೆಯ ಭಟ್ಟಿ ಇದ್ದ ಜಾಗದಲ್ಲಿ ಈಗ ಯು.ಬಿ. ಸಿಟಿಯ ಗಾಜಿನ ಕಟ್ಟಡಗಳಿವೆ. ಕಳೆದ ಒಂದೂವರೆ ದಶಕದಲ್ಲಿ ಊರ ತುಂಬ ಮೈಕ್ರೋಬ್ರೂವರಿಗಳು ಎದ್ದಿವೆ. ಅಲ್ಲಿ ಗ್ಯಾಸ್ ನೋಡಿಕೊಳ್ಳಲು ಸಂಬಳದ ಜನರಿದ್ದಾರೆ. ಚಾಮರಾಜಪೇಟೆಯ ಎರಡನೇ ಮಹಡಿಯ ಮನೆಯಲ್ಲಿ ಇರುವುದು ನೀವು, ಒಂದು ಸ್ಪ್ಯಾನರು.

ಆ ಸ್ಪ್ಯಾನರಿನಿಂದಲೇ ಶುರು ಮಾಡೋಣ. ಸೋಡಾದ ಗ್ಯಾಸು, ಅಂದರೆ ಇಂಗಾಲದ ಡೈಆಕ್ಸೈಡ್, ಸಿಲಿಂಡರಿನೊಳಗೆ ದ್ರವವಾಗಿರುತ್ತದೆ, ಅದರ ಮೇಲೆ ಗ್ಯಾಸ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಒತ್ತಡ ಸುಮಾರು 64 ಬಾರ್, ಟೈರ್ ಅಂಗಡಿಯ ಲೆಕ್ಕದಲ್ಲಿ 900 ಪಿಎಸ್‌ಐ ಮೀರುತ್ತದೆ. ಸ್ಕೂಟರ್ ಚಕ್ರಕ್ಕೆ ನಾವು ಹಾಕಿಸುವುದು 30ರ ಆಸುಪಾಸು. ಈ ದೈತ್ಯ ಒತ್ತಡವನ್ನು ಹತ್ತು ಹನ್ನೆರಡು ಪಿಎಸ್‌ಐಗೆ ಇಳಿಸಿ ಕೆಗ್ಗಿಗೆ ಕಳಿಸುವುದು ರೆಗ್ಯುಲೇಟರ್. ಹಾಗಾಗಿ ಸಿಲಿಂಡರಿನ ವಾಲ್ವಿಗೂ ರೆಗ್ಯುಲೇಟರಿನ ನಟ್ಟಿಗೂ ನಡುವಿನ ಕೀಲು ಇಡೀ ಏರ್ಪಾಟಿನಲ್ಲೇ ಹೆಚ್ಚು ಭಾರ ಹೊರುವ ಕೀಲು. ಅಲ್ಲಿರುವುದು ಸಾಮಾನ್ಯವಾಗಿ ಒಂದು ನೈಲಾನ್ ವಾಷರ್. ಒಮ್ಮೆ ಬಿಗಿದರೆ ಅದು ಒತ್ತಿ ಅಚ್ಚು ಮೂಡಿಸಿಕೊಳ್ಳುತ್ತದೆ, ಮುಂದಿನ ಸಲ ಬೇರೆ ಸಿಲಿಂಡರಿಗೆ ಹಾಕಿದಾಗ ಆ ಅಚ್ಚು ಹೊಂದುವುದಿಲ್ಲ. ಸಿಲಿಂಡರ್ ಬದಲಿಸಿದಾಗಲೆಲ್ಲ ಹೊಸ ವಾಷರ್ ಹಾಕಬೇಕು. ಎಸ್.ಜೆ.ಪಿ. ರಸ್ತೆ, ಕಲಾಸಿಪಾಳ್ಯದ ಹಾರ್ಡ್‌ವೇರ್ ಸಾಲಿನಲ್ಲಿ ಹಳೆಯದನ್ನು ತೋರಿಸಿ ಕೇಳಿದರೆ ಒಂದು ಪೊಟ್ಟಣವೇ ಸಿಗುತ್ತದೆ. ಅದನ್ನು ರೆಗ್ಯುಲೇಟರಿಗೇ ದಾರದಲ್ಲಿ ಕಟ್ಟಿಡಿ.

ಇಲ್ಲಿ ಜನ ಮಾಡುವ ಒಂದು ಕೆಲಸ ನನಗೆ ಅರ್ಥವಾಗುವುದಿಲ್ಲ. ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ಪ್ಲಂಬರು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ತಂದು ನಟ್ಟಿನ ತಿರುಪಿಗೆ ಸುತ್ತುತ್ತಾರೆ. ವಾಷರ್ ಕೂರುವ ಕೀಲಿನಲ್ಲಿ ಗ್ಯಾಸನ್ನು ತಡೆಯುವುದು ವಾಷರು, ತಿರುಪು ಅದನ್ನು ಬಿಗಿಯುವುದಷ್ಟೇ. ಟೇಪು ಅಲ್ಲಿ ದಂಡ. ಅದರ ಎಳೆ ಒಳಗೆ ಹೋಗಿ ರೆಗ್ಯುಲೇಟರಿನ ಬಾಯಿಗೆ ಸಿಕ್ಕಿಕೊಂಡರೆ ಇನ್ನೊಂದು ತೊಂದರೆ. ಅದಕ್ಕೂ ಕೆಟ್ಟದ್ದು, ಗ್ಯಾಸ್ ತೆರೆದಿಟ್ಟುಕೊಂಡೇ ನಟ್ಟನ್ನು ಇನ್ನೂ ಇನ್ನೂ ಬಿಗಿಯುವುದು. ಮೊದಲು ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಒತ್ತಡ ಹೊರಬಿಡಿ, ಆಮೇಲೆ ಕೈ ಹಾಕಿ.

ಕೆಗ್ಗಿನ ಕಡೆಗೆ ಬಂದರೆ ಕಳ್ಳದಾರಿಗಳು ಹೆಚ್ಚು. ಮೊಟ್ಟೆಯಾಕಾರದ ಮುಚ್ಚಳದ ಸುತ್ತ ಒಂದು ದೊಡ್ಡ ರಬ್ಬರ್ ಉಂಗುರ, ಗ್ಯಾಸ್ ಒಳಹೋಗುವ ಮತ್ತು ಪಾನೀಯ ಹೊರಬರುವ ಎರಡು ಮೊಳೆಗಳ ಮೇಲೆ ಒಂದೊಂದು ಉಂಗುರ, ಆ ಮೊಳೆಗಳ ಕೆಳಗಿನ ಕೊಳವೆಗೆ ಒಂದೊಂದು. ಕೊಳವೆಯ ಉಂಗುರಗಳನ್ನು ಬಹಳ ಜನ ಮರೆಯುತ್ತಾರೆ, ಮೊಳೆ ಬಿಚ್ಚದ ಹೊರತು ಅವು ಕಾಣುವುದೇ ಇಲ್ಲ. ಮುಚ್ಚಳದ ಉಂಗುರಕ್ಕೆ ಇನ್ನೊಂದು ಗುಣವಿದೆ: ಅದು ಕೂರುವುದು ಒಳಗಿನ ಒತ್ತಡದಿಂದ. ಮುಚ್ಚಳದ ಹಿಡಿಕೆ ಮಡಚಿದ ಮಾತ್ರಕ್ಕೆ ಸಾಲದು. ಆರಂಭದಲ್ಲಿ 30 ಪಿಎಸ್‌ಐನಷ್ಟು ಒತ್ತಡ ಕೊಟ್ಟು ಅದನ್ನು ಒಮ್ಮೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಬೇಕಾದಷ್ಟಕ್ಕೆ ಇಳಿಸಬೇಕು. ಹತ್ತು ಪಿಎಸ್‌ಐನಲ್ಲೇ ಶುರು ಮಾಡಿದರೆ ಮುಚ್ಚಳ ಅರೆಬರೆ ಕೂತು, ಕಿವಿಗೆ ಕೇಳದಷ್ಟು ಸಣ್ಣಗೆ, ರಾತ್ರಿಯಿಡೀ ಉಸುರುತ್ತದೆ. ಉಂಗುರಗಳಿಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ಸವರಬೇಕು. ಮನೆಯಲ್ಲಿದೆ ಎಂದು ವ್ಯಾಸಲೀನ್ ಹಚ್ಚುವವರಿದ್ದಾರೆ. ಪೆಟ್ರೋಲಿಯಂ ಜೆಲ್ಲಿ ಹಲವು ಬಗೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ, ಜೊತೆಗೆ ಬಿಯರಿನ ನೊರೆಯನ್ನೂ ಕೊಲ್ಲುತ್ತದೆ.

ಪೈಪಿನ ವಿಷಯ ಬೇಗ ಮುಗಿಸಬಹುದು. ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಸಿಕ್ಕಿಸಿ, ಮೇಲೆ ಕ್ಲಿಪ್ ಬಿಗಿಯಿರಿ. ಪೈಪನ್ನು ಕಡಿದು ಹಾಕುವಷ್ಟು ಬಿಗಿಯಬೇಡಿ. ಗಡುಸಾದ ತುದಿಯನ್ನು ಒಂದಿಂಚು ಕತ್ತರಿಸಿ ಬಿಸಾಕಿ.

ಇನ್ನು ಪರೀಕ್ಷೆ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಸ್ವಲ್ಪ ನೀರಿಗೆ ಬೆರೆಸಿ, ಇಸ್ತ್ರಿ ಮಾಡುವಾಗ ಬಟ್ಟೆಗೆ ಚಿಮುಕಿಸುವ ಸ್ಪ್ರೇ ಬಾಟಲಿಗೆ ತುಂಬಿ, ಒತ್ತಡ ಕೊಟ್ಟ ಮೇಲೆ ಒಂದೊಂದೇ ಕೀಲಿಗೆ ಸಿಂಪಡಿಸಿ. ಅವಸರ ಬೇಡ. ದೊಡ್ಡ ಸೋರಿಕೆ ಕೂಡಲೇ ಬುರುಗು ಎಬ್ಬಿಸುತ್ತದೆ, ಅದನ್ನು ಕಾಣಲು ಜಾಣತನ ಬೇಡ. ಕಾಟ ಕೊಡುವುದು ಸಣ್ಣದು. ನಟ್ಟಿನ ಅಂಚಿನಲ್ಲಿ ಮೊದಲು ಏನೂ ಇರುವುದಿಲ್ಲ. ನಿಮಿಷದ ಮೇಲೆ ಸಾಸಿವೆ ಗಾತ್ರದ ಒಂದೇ ಗುಳ್ಳೆ ಏಳುತ್ತದೆ, ಅದರ ಪಕ್ಕ ಇನ್ನೊಂದು, ಎರಡೂ ಕೂಡಿ ಬಟಾಣಿಯಷ್ಟಾಗಿ ಒಡೆದು ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ. ಸಿಂಪಡಿಸುವಾಗ ಎದ್ದ ನೊರೆ ಕರಗುತ್ತಾ ಹೋಗುತ್ತದೆ, ಸೋರಿಕೆಯ ಗುಳ್ಳೆ ಬೆಳೆಯುತ್ತಾ ಹೋಗುತ್ತದೆ. ಎರಡಕ್ಕೂ ವ್ಯತ್ಯಾಸ ಅಷ್ಟೇ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಹೊರಗೆ ಪರೀಕ್ಷಿಸಿ ಸರಿ ಎಂದುಕೊಂಡ ಕೀಲನ್ನು ಫ್ರಿಜ್ಜಿನೊಳಗಿಟ್ಟು ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ನಾಲ್ಕು ಡಿಗ್ರಿಯಲ್ಲಿ ರಬ್ಬರು ಸೆಟೆದುಕೊಳ್ಳುತ್ತದೆ, ಬೆಳಿಗ್ಗೆ ಒಳ್ಳೆಯದಿದ್ದ ಕೀಲು ರಾತ್ರಿ ಕೈಕೊಡಬಹುದು.

ಗುಳ್ಳೆ ಎಲ್ಲೂ ಕಾಣದೆ ಗ್ಯಾಸ್ ಮಾತ್ರ ಖಾಲಿಯಾಗುತ್ತಿದ್ದರೆ ರಾತ್ರಿ ಪರೀಕ್ಷೆ ಮಾಡಬೇಕು. ಏರ್ಪಾಟಿಗೆಲ್ಲ ಒತ್ತಡ ಕೊಟ್ಟು, ಸಿಲಿಂಡರಿನ ವಾಲ್ವ್ ಮುಚ್ಚಿ, ಗೇಜಿನ ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿ ಮಲಗಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ದಾರಿಯಿದೆ. ಆದರೆ ಇದನ್ನು ಖಾಲಿ ಕೆಗ್ಗಿನಲ್ಲಿ ಮಾಡಬೇಕು. ಹೊಸದಾಗಿ ತುಂಬಿದ ಪಾನೀಯ ಗ್ಯಾಸನ್ನು ತಾನೇ ಕುಡಿಯುತ್ತಿರುತ್ತದೆ, ಮುಳ್ಳು ಇಳಿಯುವುದು ಸಹಜ. ಅದನ್ನೇ ಸೋರಿಕೆ ಎಂದು ಭ್ರಮಿಸಿ ಒಳ್ಳೆಯ ಉಂಗುರಗಳನ್ನೆಲ್ಲ ಬಿಚ್ಚಿ ಕೂರುವುದುಂಟು.

ಗೇಜಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಹಾಗೇ ಇದೆ, ಗ್ಯಾಸು ಬೇಕಾದಷ್ಟಿದೆ ಎಂದು ನಿಶ್ಚಿಂತೆಯಾಗಿರುತ್ತಾರೆ. ಬಿಸಿ ಏರಿಳಿಯದಿದ್ದರೆ, ಒಳಗೆ ಒಂದು ಹನಿ ದ್ರವ ಉಳಿದಿರುವ ತನಕ ಆ ಮುಳ್ಳು ಕದಲುವುದಿಲ್ಲ. ಕದಲಿದಾಗ ಸಿಲಿಂಡರು ಮುಗಿಯುತ್ತಾ ಬಂದಿರುತ್ತದೆ. ಲೆಕ್ಕ ಸಿಗುವುದು ತಕ್ಕಡಿಯಲ್ಲಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಕುತ್ತಿಗೆಯ ಮೇಲೆ ಕೊರೆದಿರುತ್ತಾರೆ. ಒಂದು 19 ಲೀಟರ್ ಕೆಗ್ಗಿಗೆ ಗುಳ್ಳೆ ಹಿಡಿಸಿ, ಕಡೆಯ ಲೋಟದವರೆಗೆ ಹೊರದೂಡಲು ಬೇಕಾಗುವುದು ಹೆಚ್ಚೆಂದರೆ 150ರಿಂದ 200 ಗ್ರಾಂ ಗ್ಯಾಸ್. ಐದು ಕೆ.ಜಿ. ಸಿಲಿಂಡರು ಇಪ್ಪತ್ತೈದು ಕೆಗ್ಗಿಗಾದರೂ ಬರಬೇಕು. ಮೂರನೆಯದಕ್ಕೇ ಮುಗಿದರೆ ಗ್ಯಾಸಿನವನನ್ನು ಬೈಯುವ ಮೊದಲು ಸೋಪಿನ ನೀರು ಹಿಡಿಯಿರಿ.

ಇಷ್ಟೆಲ್ಲ ಉಪದ್ವ್ಯಾಪ ಯಾಕೆ, ಸೋರಿದರೆ ವಾಸನೆ ಬರುವುದಿಲ್ಲವೇ ಎಂದು ಕೇಳಬಹುದು. ನಮ್ಮ ಅಡುಗೆಮನೆಗಳು ನಮಗೆ ಕಲಿಸಿರುವ ಅಭ್ಯಾಸ ಅದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಕೊಳೆತ ಕೋಸಿನ ನಾತದ ರಾಸಾಯನಿಕವನ್ನು ಬೆರೆಸುತ್ತಾರೆ. ಒಂದು ತೊಟ್ಟು ಸೋರಿದರೂ ಅಜ್ಜಿ ದೇವರ ಮನೆಯಿಂದಲೇ ‘ಗ್ಯಾಸ್ ನೋಡ್ರೋ’ ಎಂದು ಕೂಗುತ್ತಾರೆ. ಸಿಲಿಂಡರ್ ತರುವ ಹುಡುಗ ‘ಅಮ್ಮಾ, ಒಂಚೂರು ನೀರು ಕೊಡಿ’ ಎಂದು ಕೇಳಿ ವಾಲ್ವಿನ ಬಾಯಿಗೆ ಸುರಿದು ಗುಳ್ಳೆ ನೋಡುವುದು, ಒಳಗಿನ ಕಪ್ಪು ರಬ್ಬರ್ ಉಂಗುರ ಇದೆಯೇ ಎಂದು ಬೆರಳಾಡಿಸುವುದು ಇದೇ ಸೋಪಿನ ನೀರಿನ ಶಾಸ್ತ್ರದ ಸಣ್ಣ ರೂಪ. ಅವನು ಕೇಳದಿದ್ದರೆ ನೀವೇ ಕೇಳಿ. 14.2 ಕೆ.ಜಿ. ಸಿಲಿಂಡರು ಬಾಗಿಲಿಗೆ ಬಂದಾಗ ಹಿಡಿಕೆಯ ಒಳಬದಿಯಲ್ಲಿ ಬರೆದ ಅಕ್ಷರ, ಅಂಕಿಯನ್ನೂ ಓದಿ. ‘ಬಿ 27’ ಎಂದಿದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಮರುಪರೀಕ್ಷೆಗೆ ಕಳಿಸಬೇಕು. ಆ ಗಡುವು ದಾಟಿದ್ದರೆ ವಾಪಸ್ ಕಳಿಸಿ.

ಇಂಗಾಲದ ಡೈಆಕ್ಸೈಡಿಗೆ ಆ ನಾತವೂ ಇಲ್ಲ. ಕುಡಿಯುವ ಪಾನೀಯಕ್ಕೆ ಬೆರೆಯುವ ಗ್ಯಾಸಿಗೆ ಕೊಳೆತ ಕೋಸಿನ ವಾಸನೆ ಹಾಕಲು ಬರುವುದಿಲ್ಲವಲ್ಲ. ಬೆಂಕಿ ಹತ್ತದು, ಸಿಡಿಯದು, ಬಣ್ಣವಿಲ್ಲ. ಹಾಗೆಂದೇ ಜನ ಅದನ್ನು ಸಾಧು ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ದ್ರವ ಗ್ಯಾಸಾಗಿ ಹರಡಿದರೆ ಸುಮಾರು 550 ಲೀಟರ್. ಐದು ಕೆ.ಜಿ. ಸಿಲಿಂಡರೆಂದರೆ 2,750 ಲೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿ ಸುಮಾರು 28,300 ಲೀಟರ್. ಬಾಗಿಲು ಕಿಟಕಿ ಮುಚ್ಚಿದ ಅಂಥ ಕೋಣೆಯಲ್ಲಿ ಸಿಲಿಂಡರು ಒಮ್ಮೆಗೇ ಖಾಲಿಯಾದರೆ ಗಾಳಿಯಲ್ಲಿ ಹತ್ತರಲ್ಲೊಂದು ಪಾಲು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಎಂಟು ಗಂಟೆಯ ಕೆಲಸದ ಜಾಗಕ್ಕೆ ಒಪ್ಪಿತ ಮಿತಿ ಶೇ 0.5. ಶೇ 4 ತಲುಪಿದರೆ ಜೀವಕ್ಕೆ ಅಪಾಯ ಎಂದು ಪರಿಗಣಿಸುತ್ತಾರೆ. ಶೇ 10ರಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಅದೇ ಸಿಲಿಂಡರು ಒಂದು ವಾರದಲ್ಲಿ ಮೆಲ್ಲಗೆ ಸೋರಿ ಹೋಯಿತೆನ್ನಿ. ಗಂಟೆಗೆ ಸುಮಾರು 16 ಲೀಟರ್ ಆಯಿತು. ಆರಾಮವಾಗಿ ಕೂತ ಒಬ್ಬ ಮನುಷ್ಯ ಗಂಟೆಗೆ ಉಸಿರಿನಲ್ಲಿ ಬಿಡುವುದೂ ಹೆಚ್ಚುಕಮ್ಮಿ ಅಷ್ಟೇ. ಮನೆಗೆ ಇನ್ನೊಬ್ಬ ನೆಂಟ ಬಂದು ಉಳಿದಷ್ಟೇ ವ್ಯತ್ಯಾಸ. ಸಣ್ಣ ಸೋರಿಕೆ ಜೇಬಿಗೆ ಕತ್ತರಿ, ದೊಡ್ಡದು ಕೊರಳಿಗೆ. ವಾಷರು, ಗ್ರೀಸು, ಸೋಪಿನ ನೀರು ಬಹುಮಟ್ಟಿಗೆ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಮದ್ದು ಬೇರೆ: ಸಿಲಿಂಡರನ್ನು ಎಲ್ಲಿಡುತ್ತೀರಿ ಎಂಬುದು. ಹವ್ಯಾಸಿಗಳ ಮಾತೆಲ್ಲ ಮೊದಲನೆಯದರ ಸುತ್ತಲೇ ಗಿರಕಿ ಹೊಡೆಯುತ್ತದೆ ಎಂಬುದು ನನ್ನ ದೂರು.

ಈ ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕದ ಕ್ಯಾಮರೂನಿನ ನ್ಯೋಸ್ ಸರೋವರದ ತಳದಲ್ಲಿ ಕರಗಿದ್ದ ಇದೇ ಗ್ಯಾಸು ಉಕ್ಕಿ ಕಣಿವೆಗಿಳಿದು, ಮಲಗಿದ್ದ ಸುಮಾರು 1,700 ಜನ ಏಳಲೇ ಇಲ್ಲ. ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಉತ್ತರ ಕರ್ನಾಟಕದ ಹಗೇವುಗಳನ್ನು ನೆನೆಯಿರಿ. ನೆಲದೊಳಗೆ ಜೋಳ ತುಂಬಿಟ್ಟು ಬಾಯಿ ಮುಚ್ಚಿದ ಆ ಗುಂಡಿಗಳಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುವುದೂ ಅದರಿಂದಲೇ, ಅವಸರದಲ್ಲಿ ಇಳಿದ ಮನುಷ್ಯ ಸತ್ತದ್ದೂ ಅದರಿಂದಲೇ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ಆರದಿದ್ದರೆ ಮಾತ್ರ ಇಳಿಯುವುದು ಹಿರಿಯರ ಪದ್ಧತಿ. ಆದರೆ ಮನೆಯ ಕೋಣೆಗೆ ಆ ದೀಪದ ಪರೀಕ್ಷೆಯನ್ನು ನಂಬಬೇಡಿ. ಹಗೇವಿನಲ್ಲಿ ಆಮ್ಲಜನಕವೇ ಮುಗಿದಿರುತ್ತದೆ, ದೀಪ ಆರುತ್ತದೆ. ಕೋಣೆಯಲ್ಲಿ ಗ್ಯಾಸು ಶೇ 5, 6 ಮುಟ್ಟಿ ನಿಮಗೆ ತಲೆ ಸಿಡಿಯುತ್ತಿರುವಾಗಲೂ ದೀಪ ನೆಟ್ಟಗೆ ಉರಿಯುತ್ತಿರುತ್ತದೆ. ಅಳೆಯಬೇಕಿದ್ದರೆ ಇಂಗಾಲದ ಡೈಆಕ್ಸೈಡನ್ನೇ ನೇರವಾಗಿ ಅಳೆದು ಕೂಗುವ ಮೀಟರ್ ಬೇಕು. ಅಡುಗೆ ಅನಿಲದ ಅಲಾರಂ ಇದನ್ನು ಗುರುತಿಸುವುದಿಲ್ಲ. ಬ್ರಿಟನ್ನಿನ ಪಬ್ಬುಗಳ ನೆಲಮಾಳಿಗೆಯಲ್ಲಿ ಇಂಥ ಮೀಟರು, ಎಚ್ಚರಿಕೆಯ ಫಲಕ ಹಾಕಿರುತ್ತಾರೆ. ನಿಮ್ಮಲ್ಲಾದರೆ ಅದನ್ನು ಗೋಡೆಯ ತಲೆಯ ಮೇಲೆ ನೇತುಹಾಕದೆ ಮಂಚದ ಎತ್ತರದಲ್ಲಿಡಿ.

ಹಳೆಯ ಬೆಂಗಳೂರಿನ ಮನೆಗಳು ಈ ವಿಷಯದಲ್ಲಿ ಅರ್ಧ ಅನುಕೂಲ, ಅರ್ಧ ಅನನುಕೂಲ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೇ 1898ರ ಪ್ಲೇಗಿನ ಬೆನ್ನಿಗೆ, ಗಾಳಿ ಬೆಳಕಿನ ಹಂಬಲದಿಂದ. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಎತ್ತರದ ಸೂರು, ಸೂರಿನ ಹತ್ತಿರ ಗವಾಕ್ಷಿ. ಸೆಕೆಗೆ, ಹೊಗೆಗೆ ಗವಾಕ್ಷಿ ಸರಿ, ಬಿಸಿಗಾಳಿ ಮೇಲೇರುತ್ತದೆ. ತಣ್ಣಗೆ ನುಗ್ಗಿ ಬಂದ ಇಂಗಾಲದ ಡೈಆಕ್ಸೈಡ್ ಗವಾಕ್ಷಿಯತ್ತ ತಿರುಗಿಯೂ ನೋಡುವುದಿಲ್ಲ. ಅದನ್ನು ಹೊರಹಾಕುವುದು ನೆಲಮಟ್ಟದ ಬಾಗಿಲು, ಬಚ್ಚಲ ಕಿಂಡಿ, ಹಿತ್ತಿಲಿಗೆ ತೆರೆಯುವ ದಾರಿ. ಆ ಮನೆಗಳನ್ನು ಕೆಡವಿ ಎಬ್ಬಿಸಿದ ಅಪಾರ್ಟ್‌ಮೆಂಟುಗಳಲ್ಲಿ ಗವಾಕ್ಷಿಯೂ ಇಲ್ಲ, ಹಿತ್ತಿಲೂ ಇಲ್ಲ. ಹವ್ಯಾಸಿಯ ಫ್ರಿಜ್ಜು ಕೂರುವುದು ಸ್ಟೋರ್ ರೂಮಿನಲ್ಲೋ ಬೇಸ್‌ಮೆಂಟಿನಲ್ಲೋ, ಅಂದರೆ ಇಡಬಾರದ ಜಾಗದಲ್ಲೇ.

ಇಡಬೇಕಾದದ್ದು ಗಾಳಿಯಾಡುವ ಬಾಲ್ಕನಿ ಅಥವಾ ಯುಟಿಲಿಟಿಯಲ್ಲಿ, ನೆರಳಲ್ಲಿ, ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಹಾಕಿ. ಗೋಡೆಯಲ್ಲಿ ಒಂದು ತೂತು ಕೊರೆದು ಪೈಪು ಒಳಗೆ ತಂದರೆ ಸಾಕು, ಸಿಲಿಂಡರು ಒಳಗೆ ಬರಬೇಕಿಲ್ಲ. ನೆರಳು ಯಾಕೆಂದರೆ ಇಂಗಾಲದ ಡೈಆಕ್ಸೈಡ್ 31 ಡಿಗ್ರಿ ದಾಟಿದ ಮೇಲೆ ದ್ರವವಾಗಿ ಉಳಿಯುವುದಿಲ್ಲ, ಅಲ್ಲಿಂದ ಮುಂದೆ ಬಿಸಿ ಏರಿದಂತೆ ಒತ್ತಡ ಭರಭರನೆ ಏರುತ್ತದೆ. ತಂಪು ಊರು ಎಂಬ ಹೆಸರಿದ್ದರೂ 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಅದಕ್ಕೆಂದೇ ಸಿಲಿಂಡರನ್ನು ಕಂಠಮಟ್ಟ ತುಂಬುವುದಿಲ್ಲ, ಅದು ಹಿಡಿಯುವ ನೀರಿನ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ತುಂಬುತ್ತಾರೆ. ‘ಸಾರ್, ಅರ್ಧ ಕೆ.ಜಿ. ಜಾಸ್ತಿನೇ ಹಾಕಿದ್ದೀನಿ’ ಎನ್ನುವ ಅಂಗಡಿಯವನಿಗೆ ಕೈ ಮುಗಿದು ಬೇರೆ ಕಡೆ ಹೋಗಿ. ಹೆಚ್ಚು ತುಂಬಿದ ಸಿಲಿಂಡರು ಬಿಸಿಲಿಗೆ ಬಿದ್ದಾಗ ವಾಲ್ವಿನ ರಕ್ಷಣಾ ಬಿಲ್ಲೆ ಹರಿದು ಇಡೀ ಗ್ಯಾಸು ಒಂದೆರಡು ನಿಮಿಷದಲ್ಲಿ ಹೊರಬರುತ್ತದೆ. ಬಿಲ್ಲೆ ಹರಿಯುವುದೇ ಒಳ್ಳೆಯದು, ಸಿಲಿಂಡರು ಸಿಡಿಯುವುದು ತಪ್ಪುತ್ತದೆ. ಅದು ನಿಮ್ಮ ಮುಚ್ಚಿದ ಕಾರಿನಲ್ಲಿ ಆಗಬಾರದು ಅಷ್ಟೇ. ಗ್ಯಾಸ್ ತುಂಬಿಸಿಕೊಂಡು ಬರುವಾಗ ಕಿಟಕಿ ಇಳಿಸಿರಲಿ, ದಾರಿಯಲ್ಲಿ ಕಾಫಿಗೆಂದು ಬಿಸಿಲಲ್ಲಿ ನಿಲ್ಲಿಸಬೇಡಿ. ತುಂಬಿಸುವ ಮುನ್ನ ಸಿಲಿಂಡರಿನ ಮೇಲೆ ಕೊರೆದ ಪರೀಕ್ಷೆಯ ದಿನಾಂಕ ನೋಡಿ, ಇಂಗಾಲದ ಡೈಆಕ್ಸೈಡ್ ಸಿಲಿಂಡರುಗಳನ್ನು ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷಿಸಬೇಕು. ಗ್ಯಾಸು ಆಹಾರ ದರ್ಜೆಯದೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ವೆಲ್ಡಿಂಗಿನವರ ಗ್ಯಾಸು ಹೊಟ್ಟೆಗೆ ಹೋಗಬಾರದು.

ಬಳಸದಿರುವಾಗ ಸಿಲಿಂಡರಿನ ವಾಲ್ವನ್ನೇ ಮುಚ್ಚುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಗುಳ್ಳೆ ಹಿಡಿದು ಮುಗಿದ ಕೆಗ್ಗಿಗೆ ಹಗಲು ರಾತ್ರಿ ಗ್ಯಾಸು ತೆರೆದಿಡಬೇಕಾಗಿಲ್ಲ. ಬುಸ್ಸೆಂದು ದೊಡ್ಡ ಸದ್ದು ಕೇಳಿದರೆ, ಸಿಲಿಂಡರಿನ ಬಾಯಲ್ಲಿ ಬಿಳಿ ಮಂಜು ಕಟ್ಟುತ್ತಿದ್ದರೆ, ವಾಲ್ವ್ ಹುಡುಕಲು ಬಗ್ಗಬೇಡಿ. ಆ ಗ್ಯಾಸು ಚರ್ಮವನ್ನು ಸುಡುವಷ್ಟು ತಣ್ಣಗಿರುತ್ತದೆ, ಬಗ್ಗಿದ ಮುಖ ಇರುವುದೇ ಅದು ದಟ್ಟವಾಗಿರುವ ಎತ್ತರದಲ್ಲಿ. ಮಕ್ಕಳನ್ನು, ನಾಯಿಯನ್ನು ಕರೆದುಕೊಂಡು ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ. ಒಳಗೆ ಬಿದ್ದವರನ್ನು ಎಳೆದು ತರಲು ಒಬ್ಬರ ಹಿಂದೆ ಒಬ್ಬರು ನುಗ್ಗಿಯೇ ಬಾವಿಗಳಲ್ಲಿ, ಮ್ಯಾನ್‌ಹೋಲ್‌ಗಳಲ್ಲಿ ಒಂದು ಸಾವು ಮೂರಾಗುವುದು. 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳದವರ ಬಳಿ ಉಸಿರಾಟದ ಉಪಕರಣ ಇರುತ್ತದೆ. ಸೋರುತ್ತಿರುವುದು ಅಡುಗೆ ಅನಿಲವಾದರೆ ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ತಿಳಿಸಿ.

ಸಿಲಿಂಡರ್ ಕೊಳ್ಳಲು ಹೊರಟವರು ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ ಜಾಗ ಗೊತ್ತು ಮಾಡಿಕೊಳ್ಳಲಿ. ಮಲಗುವ ಕೋಣೆ, ಸ್ಟೋರ್ ರೂಮು, ಬೇಸ್‌ಮೆಂಟು ಬಿಟ್ಟರೆ ಬೇರೆ ಜಾಗವೇ ಇಲ್ಲ ಎಂದಾದರೆ ಸಿಲಿಂಡರ್ ಕೊಳ್ಳಬೇಡಿ.